ಮೌತ್‌ಗಾರ್ಡ್ ಮತ್ತು ಅದರ ಆರೈಕೆಯ ಚರಿತ್ರೆ

ಆಟಗಾರರು ಮೇಲಿನ ಸಾಲಿನ ಹಲ್ಲುಗಳಿಗೆ ತೊಡುವ, ಒತ್ತಿದರೆ ಬಾಗುವ ಕವಚಕ್ಕೆ ಮೌತ್‌ಗಾರ್ಡ್ ಎಂದು ಹೆಸರು. ಬಾಕ್ಸಿಂಗ್ ವಲಯದಲ್ಲಿ ಅದೇ ವಸ್ತುವನ್ನು ಗಮ್‌ಶೀಲ್ಡ್ ಎನ್ನುತ್ತಾರೆ. ಬಿದ್ದ ಏಟು ಒಂದೇ ಹಲ್ಲಿನ ಮೇಲೆ ನಿಲ್ಲದೆ ಇಡೀ ಸಾಲಿಗೆ ಹಂಚಿಹೋಗುವಂತೆ ಮಾಡುವುದು, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಬಡಿಯದಂತೆ ನಡುವೆ ಮೆತ್ತೆಯಾಗಿ ನಿಲ್ಲುವುದು, ತುಟಿಯೂ ಕೆನ್ನೆಯ ಒಳಭಾಗವೂ ಹಲ್ಲಿಗೆ ಸಿಕ್ಕಿ ಸೀಳದಂತೆ ತಡೆಯುವುದು ಇದರ ಕೆಲಸ. ಇದರ ಚರಿತ್ರೆಗೆ ಸುಮಾರು 130 ವರ್ಷ ತುಂಬಿದೆ. ಈ ಅವಧಿಯಲ್ಲಿ ಇದನ್ನು ಮಾಡುವ ಪದಾರ್ಥ ಗಟಾಪರ್ಚಾದಿಂದ ರಬ್ಬರಿಗೆ, ರಬ್ಬರಿನಿಂದ ಅಕ್ರಿಲಿಕ್‌ಗೆ, ಅಲ್ಲಿಂದ ಇವಿಎ ಎಂಬ ಪ್ಲಾಸ್ಟಿಕ್‌ಗೆ ಬದಲಾಯಿತು. ಪದಾರ್ಥದ ಜೊತೆಗೆ ಅದನ್ನು ತೊಳೆಯುವ, ಒಣಗಿಸುವ, ಕಾಪಿಡುವ ಕ್ರಮವೂ ಬದಲಾಯಿತು.

ಕರ್ನಾಟಕದಲ್ಲಿ ಮೌತ್‌ಗಾರ್ಡ್ ಮೊದಲು ಬೇರೂರಿದ್ದು ಬಾಕ್ಸಿಂಗ್ ಮತ್ತು ಹಾಕಿ ಆಡುವ ಕಡೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಊರುಗಳಿಗೆ ಅದು ಈಚೆಗೆ ಬಂದ ವಸ್ತು. ಕುಣಿಗಲ್ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊತ್ತಗೆರೆಯಂಥ ಊರಿನಲ್ಲಿ ಶಾಲಾ ಮಕ್ಕಳ ಮೈಮುಟ್ಟಿ ಆಡುವ ಆಟವೆಂದರೆ ಮುಖ್ಯವಾಗಿ ಕಬಡ್ಡಿ. ಆದರೆ ಬಾಯಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ಕ್ರಮ, ಆಟದ ಸಾಮಾನನ್ನು ಶುದ್ಧವಾಗಿ ಇಡುವ ಕ್ರಮ ಎರಡೂ ಈ ಸೀಮೆಗೆ ಹೊಸತಲ್ಲ.

ಕವಚವಿಲ್ಲದ ಕಾಲ

ಹಳೆ ಮೈಸೂರು ಸೀಮೆಯಲ್ಲಿ ಮುಖಕ್ಕೆ ಗುದ್ದು ಬೀಳುವ ಕಾದಾಟಗಳಲ್ಲಿ ಹೆಸರಾದದ್ದು ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು ಮೈಸೂರು ಅರಮನೆಯಲ್ಲಿ ಜಟ್ಟಿ ಮನೆತನಗಳವರು ಈ ಕಾಳಗ ನಡೆಸುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಗಳಿರುವ ವಜ್ರಮುಷ್ಟಿ ತೊಟ್ಟು ಕಣಕ್ಕಿಳಿಯುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದ ಕೂಡಲೇ ಕಾಳಗ ಮುಗಿಯುತ್ತದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಪರಂಪರೆಗೆ ಸೇರಿದ ಈ ಕಾಳಗದಲ್ಲಿ ಹಲ್ಲಿಗೆ ಯಾವ ಕವಚವೂ ಇರಲಿಲ್ಲ, ಇಂದಿಗೂ ಇಲ್ಲ. ಅಲ್ಲಿ ಕಾಪಾಡುವುದು ನಿಯಮ: ರಕ್ತ ಕಂಡರೆ ನಿಲ್ಲಿಸು. ಜಟ್ಟಿಗಳು ಮೂಳೆ ಕೂಡಿಸುವುದರಲ್ಲೂ ಕೈ ಪಳಗಿದವರು. ಕೀಲು ತಪ್ಪಿದರೆ, ಎಲುಬು ಮುರಿದರೆ ಜನ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಮುರಿದ ಕೈ ಕೂಡುತ್ತದೆ. ಮುರಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನಾಡಕುಸ್ತಿಯಲ್ಲಿ ಗುದ್ದಾಟವಿಲ್ಲ, ಹಿಡಿತ ಮತ್ತು ಪಟ್ಟುಗಳೇ ಹೆಚ್ಚು. ಹಾಗಾಗಿ ಗರಡಿಮನೆಯ ಪೈಲ್ವಾನರಿಗೆ ಹಲ್ಲಿನ ಕವಚ ಬೇಕೆನಿಸಲಿಲ್ಲ. ಆದರೆ ಸಾಮಾನಿನ ಆರೈಕೆಯನ್ನು ದಿನಚರಿಯನ್ನಾಗಿ ಮಾಡಿದ್ದು ಗರಡಿಮನೆಯೇ. ಕಣದ ಕೆಮ್ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆಯುವುದು, ಅರಿಸಿನ, ಎಣ್ಣೆ ಮುಂತಾದವನ್ನು ಬೆರೆಸಿ ಹದಗೊಳಿಸುವುದು, ಆಗಾಗ ಅಗೆದು ಮಗುಚಿ ಗಾಳಿಯಾಡಿಸುವುದು ಅಲ್ಲಿನ ಪದ್ಧತಿ. ಬೆವರು ಬಿದ್ದ ಮಣ್ಣು ಕೆಟ್ಟರೆ ಮೈಗೆ ಕಜ್ಜಿ ಹತ್ತುತ್ತದೆ ಎಂಬುದು ಉಸ್ತಾದರಿಗೆ ಗೊತ್ತಿತ್ತು. ಮಣ್ಣನ್ನು ಪೂಜೆ ಮಾಡಿ ಕಣಕ್ಕಿಳಿಯುವ ಕಟ್ಟಳೆಯ ಹಿಂದೆ ಅದನ್ನು ಕೊಳೆಯಾಗಲು ಬಿಡಬಾರದೆಂಬ ಎಚ್ಚರವೂ ಇತ್ತು.

ಬಾಯಿಯೊಳಗೆ ಇಡುವ ಸಾಮಾನಿನ ವಿಷಯದಲ್ಲಿ ಕುಣಿಗಲ್‌ನಲ್ಲಿ ಇನ್ನೊಂದು ಹಳೆಯ ಉದಾಹರಣೆ ಸಿಗುತ್ತದೆ. ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಅದು. ಅಲ್ಲಿನ ಕುದುರೆ ಫಾರಂ ಮುಂದೆ ರೇಸ್ ಕುದುರೆಗಳ ತಳಿಗೆ ಪ್ರಸಿದ್ಧವಾಯಿತು. ಕುದುರೆಯ ಬಾಯಿಗೆ ಹಾಕುವ ಕಡಿವಾಣವನ್ನು ಸವಾರಿ ಮುಗಿದ ತಕ್ಷಣ ನೀರಿನಲ್ಲಿ ತೊಳೆದು ಒರೆಸಿಡುವುದು ಲಾಯದ ಮೊದಲ ಪಾಠಗಳಲ್ಲಿ ಒಂದು. ಜೊಲ್ಲು ಮತ್ತು ಹುಲ್ಲಿನ ಚೂರು ಲೋಹದ ಮೇಲೆ ಒಣಗಿ ಗಟ್ಟಿಯಾದರೆ ಮರುದಿನ ಅದು ಕುದುರೆಯ ತುಟಿಯಂಚನ್ನು ತರಚುತ್ತದೆ, ಹುಣ್ಣಾದ ಕುದುರೆ ಕಡಿವಾಣಕ್ಕೆ ಬಾಯಿ ತೆರೆಯುವುದಿಲ್ಲ. ಎಂಜಲು ಒಣಗುವ ಮೊದಲೇ ತೊಳೆಯಬೇಕೆಂಬ ಈ ನಿಯಮ ಮನುಷ್ಯರ ಮೌತ್‌ಗಾರ್ಡಿಗೂ ಹಾಗೆಯೇ ಅನ್ವಯಿಸುತ್ತದೆ.

ಹಲ್ಲುಕಡ್ಡಿಯಿಂದ ಹಲ್ಲುಪುಡಿಗೆ

ಹಲ್ಲು ಉಜ್ಜುವುದಕ್ಕೆ ಈ ಸೀಮೆಯಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿದ್ದುದು ಕಡ್ಡಿ. ಸುಶ್ರುತ ಸಂಹಿತೆ ಹಲ್ಲುಕಡ್ಡಿಗೆ ಅಳತೆಯನ್ನೇ ಹೇಳುತ್ತದೆ: 12 ಅಂಗುಲ ಉದ್ದ, ಕಿರುಬೆರಳಿನ ದಪ್ಪ, ಗಂಟಿಲ್ಲದ ಹಸಿ ಕಡ್ಡಿ. ಕಹಿ ಮರಗಳಲ್ಲಿ ಬೇವು, ಒಗರಿನವುಗಳಲ್ಲಿ ಕಗ್ಗಲಿ, ಸಿಹಿಯವುಗಳಲ್ಲಿ ಹಿಪ್ಪೆ, ಖಾರದವುಗಳಲ್ಲಿ ಹೊಂಗೆ ಶ್ರೇಷ್ಠವೆಂದು ಅದು ಎಣಿಸುತ್ತದೆ. ಈ ನಾಲ್ಕೂ ತುಮಕೂರು ಸೀಮೆಯ ಬಯಲಿನಲ್ಲಿ ಕಾಣುವ ಮರಗಳು. ಬೇವು, ಹೊಂಗೆಗಳಂತೂ ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಕೈಗೆಟಕುವಂತಿರುತ್ತವೆ.

ಕಡ್ಡಿಯ ಬಳಕೆ ಸರಳ. ಬೆಳಿಗ್ಗೆ ಹಸಿ ಕಡ್ಡಿ ಮುರಿದು, ತುದಿಯನ್ನು ದವಡೆಹಲ್ಲಿನಲ್ಲಿ ಅಗಿದು ಕುಂಚದಂತೆ ಮಾಡಿಕೊಂಡು, ಹಲ್ಲು ಮತ್ತು ವಸಡಿನ ಸಂದಿಯಲ್ಲಿ ತಿಕ್ಕುವುದು. ಕೊನೆಗೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ ನಾಲಿಗೆ ಹೆರೆದುಕೊಂಡು ಎಸೆಯುವುದು. ಒಮ್ಮೆ ಬಳಸಿದ ಕಡ್ಡಿಯನ್ನು ಮರುದಿನಕ್ಕೆ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಎಂಜಲಾದ ವಸ್ತುವನ್ನು ಮತ್ತೆ ಬಾಯಿಗೆ ಇಡಬಾರದೆಂಬ ಮಡಿಯ ಕಟ್ಟುಪಾಡು ಒಂದು ಕಡೆ, ಕಡ್ಡಿ ಬಿಟ್ಟಿಯಾಗಿ ಸಿಗುತ್ತಿದ್ದುದು ಇನ್ನೊಂದು ಕಡೆ. ಇದರಿಂದಾಗಿ ಬಾಯಿಗೆ ಇಟ್ಟ ಸಾಮಾನನ್ನು ತೊಳೆದು ಕಾಪಿಡುವ ಪ್ರಶ್ನೆಯೇ ಏಳಲಿಲ್ಲ. ಆ ಪ್ರಶ್ನೆ ಬಂದದ್ದು ದಿನವೂ ಎಸೆಯಲಾಗದ, ತಿಂಗಳುಗಟ್ಟಲೆ ಬಳಸಬೇಕಾದ ವಸ್ತುಗಳು ಬಂದ ಮೇಲೆ: ಮೊದಲು ಟೂತ್‌ಬ್ರಷ್, ಬಳಿಕ ಕಟ್ಟಿಸಿಕೊಂಡ ಹಲ್ಲುಸೆಟ್ಟು, ಆಮೇಲೆ ಮೌತ್‌ಗಾರ್ಡ್.

ಕಡ್ಡಿಯ ಜೊತೆಗೆ ಇದ್ದಿಲು, ಉಪ್ಪು, ಒಲೆಯ ಬೂದಿ ಬಳಕೆಯಲ್ಲಿದ್ದವು. 20ನೇ ಶತಮಾನದಲ್ಲಿ ಪೊಟ್ಟಣದ ಹಲ್ಲುಪುಡಿ ಮನೆಮನೆಗೆ ಬಂತು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ‘ನಂಜನಗೂಡು ಹಲ್ಲುಪುಡಿ’ ಹಳೆ ಮೈಸೂರು ಸೀಮೆಯ ಬಚ್ಚಲಮನೆಗಳಲ್ಲಿ ತಲೆಮಾರುಗಳವರೆಗೆ ಇದ್ದ ಸಾಮಾನು. ನೈಲಾನ್ ಎಳೆಯ ಟೂತ್‌ಬ್ರಷ್ ಅಮೆರಿಕದಲ್ಲಿ 1938ರಲ್ಲಿ ಮಾರುಕಟ್ಟೆಗೆ ಬಂತು. ಹಳ್ಳಿಗಳಿಗೆ ಅದು ತಲುಪಿದ್ದು ಬಹಳ ತಡವಾಗಿ. ಬೂದಿ, ಇದ್ದಿಲು, ಪುಡಿ ಎಲ್ಲವೂ ಕೊಳೆಯನ್ನು ಉಜ್ಜಿ ತೆಗೆಯುವಂಥವು. ಗಟ್ಟಿಯಾದ ಹಲ್ಲು ಒಂದಿಷ್ಟು ತಿಕ್ಕಾಟವನ್ನು ತಾಳಿಕೊಳ್ಳುತ್ತದೆ, ಮೆದು ಪ್ಲಾಸ್ಟಿಕ್ ತಾಳುವುದಿಲ್ಲ. ಹಲ್ಲಿಗೆ ಒಗ್ಗಿದ ಪುಡಿ ಮೌತ್‌ಗಾರ್ಡಿಗೆ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ಗಟಾಪರ್ಚಾ ಮತ್ತು ರಬ್ಬರ್

ಹಲ್ಲಿನ ಕವಚ ಹುಟ್ಟಿದ್ದು ಇಂಗ್ಲೆಂಡಿನ ಬಾಕ್ಸಿಂಗ್ ಕಣದಲ್ಲಿ. ಆರಂಭದ ಬಾಕ್ಸರ್‌ಗಳು ಹತ್ತಿ, ಸ್ಪಂಜು, ಪಟ್ಟಿ, ಸಣ್ಣ ಮರದ ತುಂಡುಗಳನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಹೊಡೆದಾಡುತ್ತಿದ್ದರು. ಅವು ಸರಿಯಾಗಿ ಕೂರುತ್ತಿರಲಿಲ್ಲ. ಬಿಗಿಯಾಗಿ ಕಚ್ಚಿಕೊಂಡೇ ಇರಬೇಕಿತ್ತು. 1890ರಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರ್‌ಗಳ ಮೇಲಿನ ಬಾಚಿಹಲ್ಲುಗಳ ಮೇಲೆ ಗಟಾಪರ್ಚಾ ಪಟ್ಟಿ ಕೂರಿಸತೊಡಗಿದರು. ಉದ್ದೇಶ ತುಟಿ ಸೀಳದಂತೆ ತಡೆಯುವುದು.

ಗಟಾಪರ್ಚಾ ಮಲಯಾ ಸೀಮೆಯ ಮರಗಳ ಹಾಲಿನಿಂದ ಸಿಗುವ ಪದಾರ್ಥ. ಸಿಂಗಪುರದಲ್ಲಿದ್ದ ವೈದ್ಯ ವಿಲಿಯಂ ಮಾಂಟ್ಗಮರಿ 1843ರಲ್ಲಿ ಅದನ್ನು ಯುರೋಪಿಗೆ ಪರಿಚಯಿಸಿದರು. ಬಿಸಿ ನೀರಿನಲ್ಲಿ ಮೆತ್ತಗಾಗಿ, ತಣ್ಣಗಾದ ಮೇಲೆ ಗಟ್ಟಿಯಾಗುವುದು ಅದರ ಗುಣ. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಅದು ಪ್ರಸಿದ್ಧವಾಯಿತು. ಹಲ್ಲಿನ ಬೇರುನಾಳ ತುಂಬಲು ದಂತವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಗಾಳಿ ಮತ್ತು ಬೆಳಕಿಗೆ ಒಡ್ಡಿಕೊಂಡರೆ ಅದು ಪೆಡಸಾಗಿ ಬಿರುಕು ಬಿಡುತ್ತದೆ. ಕತ್ತಲಿನ, ತಣ್ಣನೆಯ ಸಮುದ್ರದಡಿಯಲ್ಲಿ ದಶಕಗಳು ಬಾಳಿದ ಪದಾರ್ಥ ಕಪಾಟಿನಲ್ಲಿ ಅಷ್ಟು ಬಾಳುತ್ತಿರಲಿಲ್ಲ. ಬಿಸಿ ತಗುಲಿದರೆ ಆಕಾರ ಕೆಡುತ್ತದೆ, ತೆರೆದಿಟ್ಟರೆ ಒಡೆಯುತ್ತದೆ ಎಂಬ ಎರಡು ಎಚ್ಚರಿಕೆಗಳು ಮೌತ್‌ಗಾರ್ಡಿನ ಆರೈಕೆಗೆ ಮೊದಲ ದಿನದಿಂದಲೇ ಅಂಟಿಕೊಂಡವು.

ವುಲ್ಫ್ ಕ್ರೌಸ್ ಅವರ ಮಗ ಫಿಲಿಪ್ ಕ್ರೌಸ್ ದಂತವೈದ್ಯರೂ ಹವ್ಯಾಸಿ ಬಾಕ್ಸರೂ ಆಗಿದ್ದವರು. ಹಾಕಿ ತೆಗೆದು ಮತ್ತೆ ಹಾಕಬಹುದಾದ ಕವಚವನ್ನು ಅವರು ರೂಪಿಸಿದರು. ಅವರ ಗೆಳೆಯ, ವೆಲ್ಟರ್‌ವೇಟ್ ವಿಶ್ವ ಚಾಂಪಿಯನ್ ಟೆಡ್ ‘ಕಿಡ್’ ಲೂಯಿಸ್ ಅದನ್ನು ತೊಟ್ಟು ಕಣಕ್ಕಿಳಿದರು. 1921ರಲ್ಲಿ ನ್ಯೂಯಾರ್ಕಿನಲ್ಲಿ ಜ್ಯಾಕ್ ಬ್ರಿಟನ್ ವಿರುದ್ಧದ ಪಂದ್ಯದಲ್ಲಿ ಎದುರಾಳಿಯ ಕಡೆಯವರು ಈ ಕವಚ ನಿಯಮಕ್ಕೆ ವಿರುದ್ಧವೆಂದು ತಕರಾರೆತ್ತಿದರು. ಲೂಯಿಸ್ ಮತ್ತು ಬ್ರಿಟನ್ ತಮ್ಮ ಬದುಕಿನಲ್ಲಿ ಸುಮಾರು 20 ಬಾರಿ ಎದುರಾದವರು. ಕವಚದ ಲಾಭ ಏನೆಂಬುದು ಎದುರಾಳಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷಗಳ ಬಳಿಕ, 1927ರಲ್ಲಿ, ಜ್ಯಾಕ್ ಶಾರ್ಕಿ ವಿರುದ್ಧ ಗೆಲುವಿನ ಹಾದಿಯಲ್ಲಿದ್ದ ಮೈಕ್ ಮೆಕ್‌ಟಿಗ್ ಅವರ ಮುರಿದ ಹಲ್ಲು ಬಾಯನ್ನು ಸೀಳಿ, ರಕ್ತ ನಿಲ್ಲದೆ ಪಂದ್ಯ ಬಿಟ್ಟುಕೊಡಬೇಕಾಯಿತು. ಅಲ್ಲಿಂದ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಕವಚಕ್ಕೆ ವಿರೋಧ ಕರಗಿತು.

ಆ ಕಾಲಕ್ಕೆ ರಬ್ಬರ್ ಗಟಾಪರ್ಚಾದ ಜಾಗಕ್ಕೆ ಬಂದಿತ್ತು. 1930ರಲ್ಲಿ ನ್ಯೂಯಾರ್ಕಿನ ದಂತವೈದ್ಯರೊಬ್ಬರು ಬಾಯಿಯ ಅಚ್ಚು ತೆಗೆದು ರಬ್ಬರಿನಲ್ಲಿ ಕವಚ ಮಾಡುವ ವಿಧಾನವನ್ನು ಬರೆದು ಪ್ರಕಟಿಸಿದರು. ರಬ್ಬರ್ ಚೆನ್ನಾಗಿ ಬಾಗುತ್ತದೆ, ಏಟನ್ನು ಹೀರಿಕೊಳ್ಳುತ್ತದೆ. ಆದರೆ ವಾಸನೆ ಹಿಡಿಯುತ್ತದೆ, ಬಿಸಿಲಿಗೆ ಜಿಗುಟಾಗುತ್ತದೆ, ಎಣ್ಣೆ ತಾಗಿದರೆ ಉಬ್ಬುತ್ತದೆ, ವರ್ಷ ಕಳೆದಂತೆ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳೇಳುತ್ತವೆ. ತೊಳೆದು, ನೆರಳಿನಲ್ಲಿ ಒಣಗಿಸಿ, ಬಿಸಿಲಿನಿಂದ ದೂರವಿಡುವುದು ರಬ್ಬರ್ ಬಯಸುವ ಆರೈಕೆ.

ಅಕ್ರಿಲಿಕ್‌ನಿಂದ ಇವಿಎಗೆ

1947ರಲ್ಲಿ ಲಾಸ್ ಏಂಜಲೀಸ್‌ನ ದಂತವೈದ್ಯ ರಾಡ್ನಿ ಲಿಲಿಕ್ವಿಸ್ಟ್ ಪಾರದರ್ಶಕ ಅಕ್ರಿಲಿಕ್‌ನಲ್ಲಿ ತೆಳುವಾದ ಕವಚ ಮಾಡಿದರು. ಹಲ್ಲುಸೆಟ್ಟಿಗೆ ಬಳಸುವ ಬಗೆಯ ಪದಾರ್ಥವೇ ಅದು. ಅಮೆರಿಕನ್ ಫುಟ್‌ಬಾಲ್ ಆಟಗಾರರು ಅದನ್ನು ತೊಟ್ಟರು, ಮಾತಾಡಲು ಅಡ್ಡಿ ಕಡಿಮೆಯಾಯಿತು, ಸುದ್ದಿ ಹರಡಿತು. ಅಕ್ರಿಲಿಕ್ ನಯವಾದ ಗಟ್ಟಿ ಪದಾರ್ಥವಾದ್ದರಿಂದ ಕೊಳೆ ಒಳಗಿಳಿಯುವುದು ಕಡಿಮೆ, ಬ್ರಷ್‌ನಿಂದ ತೊಳೆಯುವುದು ಸುಲಭ. ಆದರೆ ಕೈಜಾರಿ ಬಿದ್ದರೆ ಒಡೆಯುತ್ತದೆ, ಕುದಿನೀರು ಹಾಕಿದರೆ ಸೊಟ್ಟಗಾಗುತ್ತದೆ.

ಅಮೆರಿಕದ ದಂತವೈದ್ಯರ ಸಂಘ 1960ರಲ್ಲಿ ಮೈಮುಟ್ಟಿ ಆಡುವ ಎಲ್ಲ ಆಟಗಳಿಗೂ ಲೇಟೆಕ್ಸ್ ಮೌತ್‌ಗಾರ್ಡ್ ಶಿಫಾರಸು ಮಾಡಿತು. 1962ರಲ್ಲಿ ಅಲ್ಲಿನ ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ ಅದು ಕಡ್ಡಾಯವಾಯಿತು. 1973ರಲ್ಲಿ ಕಾಲೇಜು ಫುಟ್‌ಬಾಲ್‌ನಲ್ಲೂ ಕಡ್ಡಾಯವಾಯಿತು. ನ್ಯೂಜಿಲೆಂಡಿನ ರಗ್ಬಿಯಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ನಿಯಮ ಬಂತು. ಅಲ್ಲಿ 1995ರಿಂದ 2003ರ ನಡುವೆ ರಗ್ಬಿಯಿಂದಾದ ಹಲ್ಲಿನ ಗಾಯಗಳಿಗೆ ಪರಿಹಾರ ಕೋರಿದ ಅರ್ಜಿಗಳು ಶೇ 43ರಷ್ಟು ಇಳಿದವು. ಕವಚದಿಂದ ಹಲ್ಲು ಉಳಿಯುತ್ತದೆ ಎಂಬುದಕ್ಕೆ ಸಿಕ್ಕ ಗಟ್ಟಿ ಆಧಾರಗಳಲ್ಲಿ ಇದು ಒಂದು. ತಲೆಯ ಆಘಾತವನ್ನೂ ಅದು ತಡೆಯುತ್ತದೆ ಎಂಬ ಮಾತಿಗೆ ಅಷ್ಟೇ ಗಟ್ಟಿಯಾದ ಪುರಾವೆ ಇಲ್ಲ.

ಇಂದು ಹೆಚ್ಚಿನ ಮೌತ್‌ಗಾರ್ಡ್‌ಗಳು ಇವಿಎಯಿಂದ, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್‌ನಿಂದ ಆಗುತ್ತವೆ. ಶೂಗಳ ಮೆತ್ತನೆಯ ಅಡಿಭಾಗಕ್ಕೂ ಇದರದೇ ನೊರೆಯ ರೂಪ ಬಳಕೆಯಾಗುತ್ತದೆ. ಇವುಗಳಲ್ಲಿ ಮೂರು ಬಗೆ. ಮೊದಲನೆಯದು ಅಂಗಡಿಯಿಂದ ತಂದು ಹಾಗೆಯೇ ಹಾಕಿಕೊಳ್ಳುವಂಥದು. ಹಲ್ಲಿಗೆ ಕೂರದ ಕಾರಣ ಕಚ್ಚಿಕೊಂಡೇ ಇರಬೇಕು. ಎರಡನೆಯದು ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವಂಥದು. ತಯಾರಕರು ಹೇಳಿದಷ್ಟು ಸೆಕೆಂಡು ಬಿಸಿನೀರಿನಲ್ಲಿಟ್ಟು, ಚಮಚದಲ್ಲಿ ತೆಗೆದು, ಕ್ಷಣಕಾಲ ತಣ್ಣೀರಿಗೆ ತಾಗಿಸಿ, ಮೇಲಿನ ಹಲ್ಲಿಗೆ ಒತ್ತಿ ಮೆಲ್ಲಗೆ ಕಚ್ಚಬೇಕು. ಹೊರಗಿನಿಂದ ತುಟಿ, ಕೆನ್ನೆಗಳ ಮೇಲೆ ಬೆರಳಿನಿಂದ ಒತ್ತುತ್ತ, ಒಳಗಿನಿಂದ ನಾಲಿಗೆಯಿಂದ ಒತ್ತುತ್ತ ಗಾಳಿ ಹೀರಿಕೊಂಡರೆ ಹಲ್ಲಿನ ಅಚ್ಚು ಮೂಡುತ್ತದೆ. ಗಟ್ಟಿಯಾಗಿ ಕಚ್ಚಿದರೆ ನಡುವಿನ ಪದರ ತೆಳುವಾಗಿ ರಕ್ಷಣೆ ಕುಗ್ಗುತ್ತದೆ.

ಮೂರನೆಯದು ದಂತವೈದ್ಯರು ಮಾಡಿಕೊಡುವಂಥದು. ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ ಬಾಯಿಯ ಅಚ್ಚು ತೆಗೆಯುತ್ತಾರೆ. ಅದರಲ್ಲಿ ಗಚ್ಚು ಸುರಿದು ಹಲ್ಲಿನ ಪ್ರತಿರೂಪ ಮಾಡುತ್ತಾರೆ. ಅದರ ಮೇಲೆ ಕೆಲವು ಮಿಲಿಮೀಟರ್ ದಪ್ಪದ ಇವಿಎ ಹಾಳೆಯನ್ನು ಯಂತ್ರದಲ್ಲಿ ಕಾಯಿಸುತ್ತಾರೆ. ಹಾಳೆ ಕಾದು ಜೋತುಬಿದ್ದ ಹೊತ್ತಿಗೆ ಕೆಳಗಿನಿಂದ ಗಾಳಿ ಎಳೆದರೆ ಅದು ಅಚ್ಚಿಗೆ ಬಿಗಿಯಾಗಿ ಅಂಟುತ್ತದೆ. ತಣ್ಣಗಾದ ಮೇಲೆ ಕತ್ತರಿಯಿಂದ ಕತ್ತರಿಸಿ, ವಸಡಿಗೆ ತಾಗುವ ಅಂಚನ್ನು ಜ್ವಾಲೆಗೆ ತೋರಿ ನಯಗೊಳಿಸುತ್ತಾರೆ. ಇಂಥದು ಮಾತಾಡಿದರೂ ಕಳಚುವುದಿಲ್ಲ. ಮೂರು ಬಗೆಗಳಿಗೂ ಸಮಾನವಾದ ಮಾತೊಂದಿದೆ: ಶಾಖದಿಂದ ಆಕಾರ ಪಡೆದದ್ದು ಶಾಖದಿಂದಲೇ ಆಕಾರ ಕಳೆದುಕೊಳ್ಳುತ್ತದೆ. 1890ರ ಗಟಾಪರ್ಚಾಕ್ಕೆ ಅನ್ವಯಿಸಿದ ಈ ನಿಯಮ ಇಂದಿನ ಇವಿಎಗೂ ಅನ್ವಯಿಸುತ್ತದೆ.

ಕರ್ನಾಟಕದ ಮೈದಾನಗಳಲ್ಲಿ

ಬಾಕ್ಸಿಂಗ್‌ನಲ್ಲಿ ಗಮ್‌ಶೀಲ್ಡ್ ಇಲ್ಲದೆ ಕಣಕ್ಕಿಳಿಯುವಂತಿಲ್ಲ. ಹವ್ಯಾಸಿ ಬಾಕ್ಸಿಂಗ್ ನಿಯಮಗಳಲ್ಲಿ ಸ್ವಚ್ಛತೆಗೂ ಜಾಗವಿದೆ. ಗುದ್ದಿಗೆ ಗಮ್‌ಶೀಲ್ಡ್ ಹೊರಬಿದ್ದರೆ ರೆಫ್ರಿ ಪಂದ್ಯ ನಿಲ್ಲಿಸಿ, ಬಾಕ್ಸರನ್ನು ಅವನ ಮೂಲೆಗೆ ಕರೆದೊಯ್ದು, ಅದನ್ನು ತೊಳೆಸಿ ಮತ್ತೆ ಹಾಕಿಸುತ್ತಾರೆ. ಬೇಕೆಂದೇ ಉಗಿದರೆ ಎಚ್ಚರಿಕೆ. ಕೆಂಪು ಬಣ್ಣದ ಗಮ್‌ಶೀಲ್ಡಿಗೆ ಅವಕಾಶವಿಲ್ಲ, ಬಾಯಿಯಿಂದ ರಕ್ತ ಬಂದರೆ ತಿಳಿಯಬೇಕು ಎಂಬುದಕ್ಕೆ. ಬೆಂಗಳೂರಿನಲ್ಲಿ ಬಾಕ್ಸಿಂಗ್ ಬೆಳೆದದ್ದು ಹೆಚ್ಚಾಗಿ ದಂಡು ಪ್ರದೇಶದ ಸೇನಾ ತುಕಡಿಗಳ ಆಶ್ರಯದಲ್ಲಿ.

ರಾಜ್ಯದಲ್ಲಿ ಮೌತ್‌ಗಾರ್ಡ್ ಹೆಚ್ಚು ಬೇಕಾಗಬಹುದಾದ ಆಟ ಹಾಕಿ. ಅದರ ತವರು ಕೊಡಗು. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವದಲ್ಲಿ 360 ತಂಡಗಳಿದ್ದವು. ಮಕ್ಕಳೂ ಹಿರಿಯರೂ ಒಂದೇ ತಂಡದಲ್ಲಿ ಆಡುವ ಕೂಟ ಅದು. ಒಲಿಂಪಿಕ್ಸ್ ಹಾಕಿ 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಕೃತಕ ಟರ್ಫ್ ಮೇಲೆ ನಡೆಯಿತು. ಹುಲ್ಲಿನ ಮೇಲೆ ತಡೆದು ನಿಲ್ಲುತ್ತಿದ್ದ ಚೆಂಡು ಟರ್ಫ್ ಮೇಲೆ ಜಾರಿ ಓಡುತ್ತದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್‌ಫ್ಲಿಕ್ ಮಾಡಿದ ಚೆಂಡಿನ ವೇಗ ಗಂಟೆಗೆ 100 ಕಿ.ಮೀ. ದಾಟುತ್ತದೆ. ಅಂತಾರಾಷ್ಟ್ರೀಯ ಹಾಕಿ ನಿಯಮಗಳು ಮೈದಾನದ ಆಟಗಾರರಿಗೆ ಮೊಣಕಾಲ ಕೆಳಗಿನ ಪಟ್ಟಿ, ಕಣಕಾಲಿನ ರಕ್ಷಣೆ, ಬಾಯಿಯ ರಕ್ಷಣೆ ಮೂರನ್ನೂ ಶಿಫಾರಸು ಮಾಡುತ್ತವೆ.

ತುಮಕೂರು ಜಿಲ್ಲೆಯ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿಗೇ ಹೆಚ್ಚು ಜನ ಸೇರುತ್ತಾರೆ. ಕಬಡ್ಡಿಯಲ್ಲಿ ಮೌತ್‌ಗಾರ್ಡ್ ಕಡ್ಡಾಯವಿಲ್ಲ. ರೈಡರ್ ಉಸಿರು ಕಟ್ಟಿ, ರೆಫ್ರಿಗೆ ಕೇಳುವಂತೆ ‘ಕಬಡ್ಡಿ’ ಎನ್ನುತ್ತಲೇ ಇರಬೇಕಾದ್ದರಿಂದ ದಪ್ಪ ಕವಚ ಅವನಿಗೆ ಅಡ್ಡಿಯಾಗುತ್ತದೆ. ಆದರೆ ಕಾಲು ಹಿಡಿಯಲು ಬಾಗಿದ ಕ್ಯಾಚರ್‌ನ ಬಾಯಿಗೆ ರೈಡರ್‌ನ ಮೊಣಕಾಲು, ಹಿಮ್ಮಡಿ ತಾಗುವುದು ಈ ಆಟದಲ್ಲಿ ಸಾಮಾನ್ಯ. ಹಲ್ಲಿಗೆ ಸರಿಯಾಗಿ ಕೂರುವ ತೆಳುವಾದ ಕವಚವಾದರೆ ಮಾತಿಗೂ ಉಸಿರಿಗೂ ತೊಂದರೆ ಕಡಿಮೆ. ಅಂಥದನ್ನು ಮಾಡಿಸಲು ಬೇಕಾದ ವ್ಯವಸ್ಥೆ ದೂರವೇನೂ ಇಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲೇ ಆರಂಭವಾಯಿತು. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತವೈದ್ಯ ಕಾಲೇಜು ಇದೆ. ಹಲ್ಲುಸೆಟ್ಟು ಮಾಡುವ ದಂತವೈದ್ಯರಿಗೆ ಬಾಯಿಯ ಅಚ್ಚು ತೆಗೆಯುವುದು ದಿನನಿತ್ಯದ ಕೆಲಸ.

ಕೊಳೆ ಕೂರುವ ಬಗೆ

ಮೌತ್‌ಗಾರ್ಡ್ ಬಾಯಿಯಿಂದ ಹೊರಬಂದಾಗ ಅದರ ಮೇಲೆ ಎಂಜಲಿನ ತೆಳುಪದರವಿರುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳು ಅದರಲ್ಲಿ ನೆಲೆಯೂರಿ, ಹಲ್ಲಿನ ಮೇಲೆ ಪಾಚಿ ಕಟ್ಟುವಂತೆಯೇ ಪದರ ಕಟ್ಟುತ್ತವೆ. ಕಚ್ಚಿ ಅಗಿದ ಜಾಗಗಳಲ್ಲಿ ಮೂಡುವ ಸಣ್ಣ ಗೀರು, ಬಿರುಕುಗಳ ಒಳಗೆ ಬ್ರಷ್‌ನ ಎಳೆ ಇಳಿಯುವುದಿಲ್ಲ. ಮುಚ್ಚಿದ ಚೀಲದ ತೇವ ಮತ್ತು ಶಾಖ ಅವು ಬೆಳೆಯಲು ಹೇಳಿಮಾಡಿಸಿದ ಜಾಗ. ಅಮೆರಿಕದಲ್ಲಿ ಫುಟ್‌ಬಾಲ್ ಮತ್ತು ಐಸ್ ಹಾಕಿ ಆಟಗಾರರು ಬಳಸಿದ ಮೌತ್‌ಗಾರ್ಡ್‌ಗಳನ್ನು ಸಂಶೋಧಕರು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಮೂರೂ ಕಂಡವು. ಸವೆದು ಚೂಪಾದ ಅಂಚು ವಸಡನ್ನು ಗೀರಿದರೆ ಅದೇ ಗಾಯದ ದಾರಿಯಲ್ಲಿ ಸೋಂಕು ಒಳಹೋಗುತ್ತದೆ.

ಇನ್ನೊಂದು ಬಗೆಯ ಕೊಳೆ ಬಿಳಿಯ ಗಡಸು ಪರೆ. ಎಂಜಲಿನಲ್ಲಿರುವ ಸುಣ್ಣದ ಅಂಶವೂ ಕೊಳವೆಬಾವಿಯ ಗಡಸು ನೀರಿನ ಲವಣವೂ ಸೇರಿ ಇದು ಕಟ್ಟಿಕೊಳ್ಳುತ್ತದೆ. ತುಮಕೂರು ಜಿಲ್ಲೆಯ ಬಹಳಷ್ಟು ಕಡೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪದರವೂ ಈ ಜಾತಿಯದೇ. ಪರೆ ಕಟ್ಟಿದ ಮೇಲ್ಮೈ ಒರಟಾಗಿ, ಅದರ ಮೇಲೆ ಕೊಳೆ ಮತ್ತಷ್ಟು ಬೇಗ ಕೂರುತ್ತದೆ. ಎಲೆ ಅಡಿಕೆ, ಕಾಫಿ, ಚಹಾದ ಕಲೆಗಳೂ ಇಂಥ ಒರಟು ಜಾಗದಲ್ಲೇ ಹಿಡಿಯುತ್ತವೆ.

ತೊಳೆಯುವ, ಇಡುವ ಕ್ರಮ

ಬಳಕೆಗೆ ಬಂದ ಕ್ರಮ ಹೀಗಿದೆ. ಹಾಕುವ ಮೊದಲು ಹಲ್ಲುಜ್ಜಿ ಬಾಯಿ ಮುಕ್ಕಳಿಸಬೇಕು. ಬಾಯಿ ಕೊಳೆಯಾಗಿದ್ದರೆ ಕವಚ ಎಷ್ಟು ತೊಳೆದರೂ ವ್ಯರ್ಥ. ಆಟ ಮುಗಿದ ಕೂಡಲೇ, ಎಂಜಲು ಒಣಗುವ ಮೊದಲು, ಮೌತ್‌ಗಾರ್ಡನ್ನು ತಣ್ಣೀರಿನಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಮೈದಾನದಲ್ಲಿ ನಲ್ಲಿ ಇಲ್ಲದಿದ್ದರೆ ಬಾಟಲಿಯ ಕುಡಿಯುವ ನೀರು ಸಾಕು. ತೊಟ್ಟಿಯ ನಿಂತ ನೀರು, ಕೆರೆ ಕಾಲುವೆಯ ನೀರು ಬೇಡ. ಮನೆಗೆ ಬಂದ ಮೇಲೆ ಇದಕ್ಕೆಂದೇ ಇಟ್ಟ ಮೆದು ಎಳೆಯ ಬ್ರಷ್‌ನಿಂದ, ಒಂದು ಹನಿ ಸೌಮ್ಯವಾದ ದ್ರವ ಸಾಬೂನು ಹಾಕಿ ಒಳಗೂ ಹೊರಗೂ ತಿಕ್ಕಿ, ಸಾಬೂನಿನ ರುಚಿ ಹೋಗುವವರೆಗೆ ತೊಳೆಯಬೇಕು. ಹಲ್ಲುಪುಡಿ, ಇದ್ದಿಲು, ಉಪ್ಪು, ಬೂದಿ, ಒರಟು ಕಣಗಳಿರುವ ಪೇಸ್ಟ್ ಇದಕ್ಕೆ ಸಲ್ಲವು. ಅವು ಮಾಡುವ ಗೀರುಗಳೇ ಮುಂದೆ ಕೊಳೆಯ ಗೂಡುಗಳಾಗುತ್ತವೆ.

ವಾರಕ್ಕೊಮ್ಮೆ ಹಲ್ಲುಸೆಟ್ಟು ತೊಳೆಯುವ ಮಾತ್ರೆಯನ್ನು ಪೊಟ್ಟಣದ ಮೇಲೆ ಬರೆದಿರುವ ಪ್ರಕಾರ ನೀರಿನಲ್ಲಿ ಕರಗಿಸಿ, ಅದರಲ್ಲಿ ನೆನೆಹಾಕಿ ತೊಳೆಯಬಹುದು. ಬಿಳಿ ಪರೆ ಕಟ್ಟಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆದುವಾಗಿ ಉಜ್ಜಿದರೆ ಸಡಿಲವಾಗುತ್ತದೆ. ಕೊನೆಯ ತೊಳೆತಕ್ಕೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿದರೆ ಪರೆ ಕಟ್ಟುವುದೇ ಕಡಿಮೆಯಾಗುತ್ತದೆ. ಬ್ಲೀಚಿಂಗ್ ಪುಡಿ, ಫಿನಾಯಿಲ್, ಸ್ಪಿರಿಟ್ ಇದರ ಹತ್ತಿರ ಸುಳಿಯಬಾರದು. ಕುದಿಸಿದರೆ ಕ್ರಿಮಿ ಸಾಯುತ್ತವೆ ಎಂದು ಪಾತ್ರೆಗೆ ಹಾಕಿದರೆ ಕ್ರಿಮಿಯ ಜೊತೆಗೆ ಹಲ್ಲಿನ ಅಚ್ಚೂ ಅಳಿಸಿಹೋಗುತ್ತದೆ.

ತೊಳೆದ ಮೇಲೆ ನೀರು ಕೊಡವಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ತೂತುಗಳಿರುವ ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಡಬ್ಬಿಯನ್ನೂ ವಾರಕ್ಕೊಮ್ಮೆ ಸಾಬೂನಿನಲ್ಲಿ ತೊಳೆಯಬೇಕು. ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟರೆ ಕಸವೆಂದು ಎಸೆದುಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಾಕ್ಸಿನ ಜೊತೆ ಚೀಲಕ್ಕೆ ತುರುಕಿದರೆ ಸಾಕ್ಸಿನ ಕೊಳೆಯೂ ಸೇರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮುಂಭಾಗ, ಬಸ್ಸಿನ ಕಿಟಕಿಯ ಅಂಚು, ಸ್ನಾನದ ಒಲೆಯ ಪಕ್ಕ ಇಡಬಾರದು. ಮೌತ್‌ಗಾರ್ಡನ್ನು ಇನ್ನೊಬ್ಬರಿಗೆ ಕೊಡುವುದಾಗಲಿ ಇನ್ನೊಬ್ಬರದನ್ನು ಹಾಕಿಕೊಳ್ಳುವುದಾಗಲಿ ಸಲ್ಲದು. ಎಂಜಲಿನ ಕುರಿತ ಹಳೆಯ ಕಟ್ಟುಪಾಡು ಇಲ್ಲಿ ವೈದ್ಯರ ಮಾತಿಗೆ ಪೂರ್ತಿ ಒಪ್ಪುತ್ತದೆ. ಮೈದಾನದಲ್ಲಿ ಅದನ್ನು ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸುವುದು, ಮಣ್ಣಿನ ಮೇಲೆ ಇಡುವುದು, ಬೇಸರ ಕಳೆಯಲು ಅಗಿಯುವುದು ಕೂಡ ಬಿಡಬೇಕಾದ ಚಾಳಿಗಳು.

ಬದಲಾಯಿಸಬೇಕಾದ ಹೊತ್ತು

ಎಷ್ಟು ಜೋಪಾನ ಮಾಡಿದರೂ ಮೌತ್‌ಗಾರ್ಡಿಗೆ ಆಯಸ್ಸು ಸೀಮಿತ. ಹರಿದಿದ್ದರೆ, ಬಿರುಕು ಬಿಟ್ಟಿದ್ದರೆ, ಕಚ್ಚುವ ಜಾಗ ತೆಳುವಾಗಿದ್ದರೆ, ಸಡಿಲವಾಗಿ ತಾನಾಗಿ ಕಳಚಿಕೊಳ್ಳುತ್ತಿದ್ದರೆ, ತೊಳೆದರೂ ವಾಸನೆ ಹೋಗದಿದ್ದರೆ, ಅಂಚು ವಸಡಿಗೆ ಚುಚ್ಚುತ್ತಿದ್ದರೆ ಅದನ್ನು ಬದಲಾಯಿಸಬೇಕು. ಮಕ್ಕಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲಕ್ಕೆ, ದವಡೆ ಬೆಳೆಯುವ ಕಾಲಕ್ಕೆ ಕಳೆದ ವರ್ಷದ್ದು ಈ ವರ್ಷ ಹಿಡಿಸುವುದಿಲ್ಲ. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಬಗೆಯದನ್ನು ತಾವಾಗಿ ಪ್ರಯೋಗಿಸದೆ ದಂತವೈದ್ಯರಿಂದಲೇ ಮಾಡಿಸಿಕೊಳ್ಳಬೇಕು. ಹಲ್ಲಿನ ತಪಾಸಣೆಗೆ ಹೋದಾಗ ಮೌತ್‌ಗಾರ್ಡನ್ನೂ ಜೊತೆಗೆ ಒಯ್ದು ತೋರಿಸುವುದು ಒಳ್ಳೆಯದು. ಕವಚದ ರೂಪವೂ ಬದಲಾಗುತ್ತಲೇ ಇದೆ: 2024ರ ಜನವರಿಯಿಂದ ಉನ್ನತ ಮಟ್ಟದ ರಗ್ಬಿಯಲ್ಲಿ ತಲೆಗೆ ಬಿದ್ದ ಏಟನ್ನು ಅಳೆಯುವ ಸೆನ್ಸರ್ ಅಳವಡಿಸಿದ ಮೌತ್‌ಗಾರ್ಡ್‌ಗಳು ಬಳಕೆಗೆ ಬಂದಿವೆ.

ಕವಚವಿರಲಿ ಇಲ್ಲದಿರಲಿ, ಆಟದಲ್ಲಿ ಹಲ್ಲು ಬುಡಸಮೇತ ಕಿತ್ತು ಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಬಿಳಿಯ ಭಾಗದಲ್ಲಿ ಹಿಡಿಯಬೇಕು. ಮಣ್ಣಾಗಿದ್ದರೆ ಉಜ್ಜದೆ ಒಂದು ಕ್ಷಣ ತೊಳೆದು, ಕಾಯಂ ಹಲ್ಲಾಗಿದ್ದರೆ ಅದೇ ಗುಳಿಯಲ್ಲಿ ಕೂರಿಸಬೇಕು. ಅದು ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಬೇಕು. ಅರ್ಧ ಗಂಟೆಯೊಳಗಾದರೆ ಇನ್ನೂ ಉತ್ತಮ. ಹಾಲಿನ ಡೇರಿ ಇರುವ ಊರುಗಳೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಹಾಲಿಗೆ ಬರವಿಲ್ಲ.

ಹೋಬಳಿ ಮಟ್ಟದ ಕಬಡ್ಡಿ ತಂಡದಿಂದ ಹಿಡಿದು ರಾಜ್ಯ ಮಟ್ಟದ ಹಾಕಿ ತಂಡದವರೆಗೆ, ಶೂ ಮತ್ತು ಜೆರ್ಸಿ ಕೊಡಿಸುವವರು ಒಂದು ಮೌತ್‌ಗಾರ್ಡ್, ಒಂದು ತೂತಿನ ಡಬ್ಬಿ, ಒಂದು ಮೆದು ಬ್ರಷ್ ಕೂಡ ಕೊಡಿಸಬೇಕು, ಅದನ್ನು ತೊಳೆದಿಡುವ ಕ್ರಮವನ್ನು ದೈಹಿಕ ಶಿಕ್ಷಕರು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು.